ಡಮಾಮಿ ನುಡಿಸುವವರ ಜೊತೆ ಮಾತಿಗೆ ಕೂರುವ ಮುಂಚೆ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕಲಾವಿದರನ್ನು ಮಾತಾಡಿಸಬೇಕು ಅಂತ ಆಗಾಗ ನನಗೆ ಫೋನ್ ಬರುತ್ತದೆ. ಪತ್ರಿಕೋದ್ಯಮ ಓದುವ ಮಕ್ಕಳು, ಯೂಟ್ಯೂಬ್ ಚಾನೆಲ್ ನಡೆಸುವವರು, ಒಮ್ಮೊಮ್ಮೆ ಸಂಶೋಧನೆಗೆ ಬಂದವರು. ನಾನು ಶಿರಸಿ ಕಡೆಯವಳು. ನಮ್ಮ ಸೀಮೆಯ ಹಾಡುಗಾರರ, ವಾದ್ಯದವರ ಮಾತನ್ನು ರೆಕಾರ್ಡ್ ಮಾಡಿ ಇಡುವ ಕೆಲಸ ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಫೋನಿನಲ್ಲಿ ಎಲ್ಲರಿಗೂ ಹೇಳುವುದನ್ನೇ ಇಲ್ಲಿ ಬರೆದಿಡುತ್ತೇನೆ.

ಹೆಚ್ಚಿನವರು ಮೊದಲು ಕೇಳುವುದು ಒಂದೇ. "ಬಣ್ಣದ ಬಗ್ಗೆ, ತಾರತಮ್ಯದ ಬಗ್ಗೆ ಅವರು ಓಪನ್ ಆಗಿ ಮಾತಾಡ್ತಾರಾ ಮೇಡಂ?" ಮಾತಾಡುತ್ತಾರೆ. ಆದರೆ ಅದೊಂದನ್ನೇ ಹುಡುಕಿಕೊಂಡು ಹೋದರೆ ಹತ್ತು ಜನರಿಗೆ ಹೇಳಿ ಹೇಳಿ ಸವೆದ ಉತ್ತರವೇ ನಿಮಗೂ ಸಿಗುತ್ತದೆ. ಅವರ ಕೆಲಸದ ಬಗ್ಗೆ ಕೇಳಿ. ಯಾವ ಉತ್ಸವಕ್ಕೆ ಕರೆದರು, ಎಲ್ಲಿ ಮಲಗಿಸಿದರು, ಮೈಕು ಕೊಟ್ಟರಾ, ದುಡ್ಡು ಯಾವಾಗ ಬಂತು. ಬಣ್ಣದ ಕಾರಣಕ್ಕೆ ಆದ ಅನ್ಯಾಯ ಈ ಉತ್ತರಗಳ ಒಳಗೇ ಇರುತ್ತದೆ. ಇದೊಂದು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಸ್ವಲ್ಪ ಓದಿಕೊಳ್ಳಿ

ಇತಿಹಾಸದ ಪಾಠವನ್ನು ಕಲಾವಿದರ ಬಾಯಿಂದಲೇ ಹೇಳಿಸಬೇಡಿ. ಅದನ್ನು ನೀವೇ ಓದಿಕೊಂಡು ಹೋಗಬಹುದು. ಪೋರ್ಚುಗೀಸರು 16ನೇ ಶತಮಾನದಿಂದ ಆಫ್ರಿಕಾದ ಪೂರ್ವ ಕರಾವಳಿಯ ಜನರನ್ನು ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ಜಾಸ್ತಿ ಇದ್ದಾರೆ. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲೂ ಇದ್ದಾರೆ. ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಹಾಗಾಗಿ ಒಬ್ಬರು ದೇವರ ಕಾರ್ಯಕ್ಕೆ ಡಮಾಮಿ ಅನ್ನುವ ಚರ್ಮವಾದ್ಯ ಬಾರಿಸುತ್ತಿರುತ್ತಾರೆ, ಇನ್ನೊಬ್ಬರು ಚರ್ಚಿನ ಹಾಡಿನ ಗುಂಪಿನಲ್ಲಿ ಕೀಬೋರ್ಡ್ ನುಡಿಸುತ್ತಿರುತ್ತಾರೆ. ಇಬ್ಬರೂ ಸಿದ್ದಿ ಕಲಾವಿದರೇ. ಡಮಾಮಿ ನುಡಿಸುವವರನ್ನಷ್ಟೇ ಹುಡುಕಿ, ಕೀಬೋರ್ಡಿನ ಹುಡುಗನನ್ನು ಬಿಟ್ಟು ಬರಬೇಡಿ.

ಎರಡು ಇಸವಿ ನೆನಪಿರಲಿ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯ ಸಿದ್ದಿಯರು ಸೇರಿದ್ದು 2020ರಲ್ಲಿ. ಹಳಿಯಾಳದ ಕಡೆಯವರು ಪಟ್ಟಿಯ ಒಳಗೆ, ಗಡಿ ದಾಟಿ ಧಾರವಾಡ ಜಿಲ್ಲೆಯ ಕಲಘಟಗಿಯ ಕಡೆ ಇರುವ ಅವರ ನೆಂಟರು ಹೊರಗೆ. 17 ವರ್ಷ ಹೀಗೇ ಇತ್ತು. ಓದು, ನೌಕರಿ, ಕಲೆ ಯಾವುದರ ಬಗ್ಗೆ ಮಾತು ತೆಗೆದರೂ ಈ ವಿಷಯ ಬಂದೇ ಬರುತ್ತದೆ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ರಂಗಭೂಮಿ ಮತ್ತು ಹಾಡಿನಲ್ಲಿ ಗಿರಿಜಾ ಸಿದ್ದಿ, ಸಿನಿಮಾದಲ್ಲಿ ಪ್ರಶಾಂತ್ ಸಿದ್ದಿ ಹೆಸರು ಮಾಡಿದ್ದಾರೆ. ಇಬ್ಬರೂ ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತವರು. ಈ ಹೆಸರುಗಳು ಗೊತ್ತಿದ್ದರೆ ಮಾತಿಗೆ ಅನುಕೂಲ.

ಇನ್ನೊಂದು ಸಂಗತಿ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆ, ಆಟಕ್ಕೆ ಅಂತ ಆರಿಸಿ ಕರೆದುಕೊಂಡು ಹೋಯಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಈಗ ಐವತ್ತು ದಾಟಿದವರಿಗೆ ಅದು ಚೆನ್ನಾಗಿ ನೆನಪಿದೆ. ಆಮೇಲೆ ರಕ್ತದ ಮಾದರಿ ತೆಗೆದುಕೊಳ್ಳಲು ವಿಜ್ಞಾನಿಗಳು ಬಂದರು, ಕ್ಯಾಮೆರಾ ಹಿಡಿದವರು ಬಂದರು. ಹೊರಗಿನವರು ಬರುವುದು ನಮ್ಮ ಮೈ ನೋಡಲಿಕ್ಕೆ ಅಂತ ಅವರಿಗೆ ಅನ್ನಿಸಿದ್ದರೆ ಅದಕ್ಕೆ ಕಾರಣ ಇದೆ. ನೀವೂ ಅದೇ ಸಾಲಿಗೆ ಸೇರಬಾರದಲ್ವಾ?

ಯಾವಾಗ ಹೋಗಬೇಕು

ಮಳೆಗಾಲ ಬೇಡ. ಹಂಚಿನ ಮೇಲೆ, ತಗಡಿನ ಮೇಲೆ ಮಳೆ ಬೀಳುವಾಗ ರೆಕಾರ್ಡಿಂಗ್ ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಅಡಿಕೆ ಕೊನೆ ಕೊಯ್ಲು ಶುರುವಾಗುತ್ತದೆ, ಹಗಲಿಡೀ ಜನ ತೋಟದಲ್ಲಿ. ಆಗ ಸಂಜೆ ಹೋಗಿ. ಹಗಲು ಹೊತ್ತಿನಲ್ಲೇ ಬೇಕು ಅಂತಾದರೆ ಅವರ ಒಂದು ದಿನದ ಕೂಲಿ ಕೊಡಲು ತಯಾರಾಗಿ ಹೋಗಿ. ಈ ಮಾತಿಗೆ ಕೆಲವು ಪತ್ರಕರ್ತರು ಮುಖ ಸಿಂಡರಿಸುತ್ತಾರೆ. ದುಡ್ಡು ಕೊಟ್ಟು ಮಾತಾಡಿಸಿದರೆ ಮಾತಿಗೆ ಬೆಲೆ ಇರಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಿಮ್ಮ ಬಸ್ ಚಾರ್ಜು, ಕ್ಯಾಮೆರಾ ಬಾಡಿಗೆ ಯಾರೋ ಕೊಡುತ್ತಾರೆ. ಅವರ ಹೋದ ಕೂಲಿ ಯಾರು ಕೊಡಬೇಕು? ವಾದ್ಯ ನುಡಿಸಿ, ಹಾಡಿ ಅಂತ ಕೇಳಿದರೆ ಅದಕ್ಕೆ ಬೇರೆ ಸಂಭಾವನೆ. ಎಷ್ಟು ಅಂತ ಮೊದಲೇ ಫೋನಿನಲ್ಲಿ ಮಾತಾಡಿಕೊಳ್ಳಿ, ಅಂಗಳದಲ್ಲಿ ನಿಂತು ಚೌಕಾಸಿ ಮಾಡಬೇಡಿ.

ಅಂಗಳಕ್ಕೆ ಕಾಲಿಟ್ಟ ಮೇಲೆ

ವಯಸ್ಸಾದವರಿಗೆ ಅಜ್ಜ, ಅಜ್ಜಿ, ನಡುವಯಸ್ಸಿನವರಿಗೆ ಅಣ್ಣ, ಅಕ್ಕ ಅನ್ನಿ. ಎಲ್ಲರಿಗೂ "ನೀವು" ಅನ್ನಿ, ಇಪ್ಪತ್ತರ ಹುಡುಗನಿಗೂ. ನಮ್ಮ ಸೀಮೆಯಲ್ಲಿ ಎಪ್ಪತ್ತು ವರ್ಷದ ಸಿದ್ದಿ ಅಜ್ಜನನ್ನು ತೋಟದ ಮನೆಯ ಸಣ್ಣ ಮಕ್ಕಳೂ "ಬಾರಾ, ಹೋಗಾ" ಅನ್ನುವುದನ್ನು ಕೇಳುತ್ತಾ ಬೆಳೆದವಳು ನಾನು. ಆಸರಿಗೆ (ಕುಡಿಯಲಿಕ್ಕೆ) ಕೊಡುವ ಲೋಟವನ್ನೂ ಹೊರಗೆ ಬೇರೆಯೇ ಇಡುತ್ತಿದ್ದರು. ನೀವು ಈ ಕಡೆಯವರೇ ಆಗಿದ್ದರೆ ಯಾರ ಮನೆ, ಯಾವ ಊರು ಅಂತ ಮೊದಲೇ ಹೇಳಿಬಿಡಿ. ಅವರು ಹೇಗೂ ವಿಚಾರಿಸಿಯೇ ಇರುತ್ತಾರೆ. ಅಲ್ಲಿ ಕೊಟ್ಟ ಚಹಾ ಕುಡಿಯಿರಿ. ಕವಳದ (ಎಲೆ ಅಡಿಕೆಯ) ತಟ್ಟೆ ಮುಂದಿಟ್ಟರೆ ಒಂದು ಹೋಳಾದರೂ ಬಾಯಿಗೆ ಹಾಕಿಕೊಳ್ಳಿ. ತಿಂದರೋ ಬಿಟ್ಟರೋ ಅಂತ ಮನೆಯವರೆಲ್ಲ ನೋಡುತ್ತಾರೆ.

ಮನೆಯೊಳಗೆ ಹೆಚ್ಚಿನವರು ತಮ್ಮದೇ ಕೊಂಕಣಿ ಮಾತಾಡುತ್ತಾರೆ, ಹೊರಗೆ ಕನ್ನಡ. ಡಮಾಮಿ ಹಾಡುಗಳಲ್ಲಿ ಎರಡೂ ಬರುತ್ತವೆ. ಹಾಡು ಕಟ್ಟುವವರು ಬಹಳ ಸಲ ಹೆಂಗಸರು. ಆದರೆ ತಂಡದ ನಾಯಕ ಅಂತ ನಿಮ್ಮ ಎದುರು ಬಂದು ಕೂರುವವರು ಗಂಡಸರು. ಒಳಗೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕನನ್ನು ಬೇರೆ ಹೊತ್ತಿನಲ್ಲಿ, ಬೇರೆಯಾಗಿ ಮಾತಾಡಿಸಿ. ಸಾಧ್ಯವಾದರೆ ಹೆಣ್ಣುಮಗಳೊಬ್ಬಳು ಹೋಗಿ ಕೂರಲಿ.

ವಾದ್ಯದಿಂದ ಶುರು ಮಾಡಿ

ಡಮಾಮಿ ಅಂದರೆ ಮರ ಕೊರೆದು ಎರಡೂ ಬದಿ ಚರ್ಮ ಬಿಗಿದ ವಾದ್ಯ. ಮರ ಯಾವುದು, ಈಗ ಸಿಗುತ್ತದಾ, ಅರಣ್ಯ ಇಲಾಖೆಯವರು ಕಡಿಯಲು ಬಿಡುತ್ತಾರಾ, ಚರ್ಮ ಎಲ್ಲಿಂದ ತರುತ್ತೀರಿ, ಬಿಗಿಯುವುದು ಯಾರು ಕಲಿಸಿದರು ಅಂತ ಕೇಳಿ. ಇಷ್ಟಕ್ಕೇ ಒಂದು ಗಂಟೆ ಹೋಗುತ್ತದೆ. ಹೋಗಲಿ. ಯಾರೂ ಕೇಳದ ಪ್ರಶ್ನೆ ಇವು, ಕಲಾವಿದರ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ಮಂಚಿಕೇರಿ ಕಡೆ ಒಬ್ಬ ಅಜ್ಜ ಹೀಗೇ ಮಾತಾಡುತ್ತಾ ಒಲೆಯ ಹತ್ತಿರ ವಾದ್ಯ ಕಾಯಿಸುತ್ತಿದ್ದರು. ಚರ್ಮ ತಂಡಿಗೆ ಸಡಿಲಾಗಿತ್ತು. ವಾದ್ಯವನ್ನು ತಿರುಗಿಸಿ ತಿರುಗಿಸಿ ಬೆಂಕಿಗೆ ಹಿಡಿಯುವುದು, ಬೆರಳಲ್ಲಿ ಒಂದು ಪೆಟ್ಟು ಹಾಕಿ ಕಿವಿಗೊಡುವುದು, ಮತ್ತೆ ಹಿಡಿಯುವುದು. ನಾನು ಕೇಳಿದ್ದು ಇಷ್ಟೇ: "ಉತ್ಸವಕ್ಕೆ ಹೋದಾಗ ಬೆಂಕಿ ಎಲ್ಲಿ ಹಾಕ್ತೀರಿ ಅಜ್ಜ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಒಂದು ದೊಡ್ಡ ಊರಿನ ಉತ್ಸವದಲ್ಲಿ ವಾದ್ಯ ಕಾಯಿಸಲು ಜಾಗ ಕೊಡಿ ಅಂದರೆ ಕೊಡಲಿಲ್ಲವಂತೆ. ವೇದಿಕೆ ಮೇಲೆ ಹತ್ತಿಸಲಿಲ್ಲ, ಮೆರವಣಿಗೆಯಲ್ಲಿ ನಡೆಸಿದರು. ಮುಖಕ್ಕೆ ಬಿಳಿ ಬಣ್ಣ, ಸೊಂಟಕ್ಕೆ ಸೊಪ್ಪು ಕಟ್ಟಿಕೊಳ್ಳಿ ಅಂದರು. "ಮನೇಲಿ ನಾವು ಲುಂಗಿ ಉಡ್ತೇವೆ, ಅಂಗಿ ಹಾಕ್ತೇವೆ. ಸೊಪ್ಪು ಕಟ್ಟೋದು ಅಲ್ಲೇ ಕಲ್ತದ್ದು" ಅಂದರು ಅಜ್ಜ. ಆಮೇಲೆ ಮತ್ತೊಂದು ಪೆಟ್ಟು ಹಾಕಿ, ಈಗ ಸರಿಯಾಯ್ತು ಅಂತ ವಾದ್ಯ ಕೆಳಗಿಟ್ಟರು.

ಬೆಂಕಿಯ ಪ್ರಶ್ನೆಯಿಂದ ಇಷ್ಟು ಹೊರಗೆ ಬಂತು. ಹಾಗಂತ ಸೊಪ್ಪಿನ ವೇಷ ಹಾಕುವ ಎಲ್ಲರೂ ಒತ್ತಾಯಕ್ಕೆ ಹಾಕುತ್ತಾರೆ ಅಂತ ತಿಳಿಯಬೇಡಿ. ಕೆಲವು ತಂಡದ ಹುಡುಗರು ತಾವಾಗಿಯೇ ಇಷ್ಟಪಟ್ಟು ಹಾಕುತ್ತಾರೆ, ಜನ ನಿಂತು ನೋಡುತ್ತಾರೆ, ಕರೆ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಎರಡನ್ನೂ ಕೇಳಿ. ವೇಷ ಯಾರು ಆರಿಸಿದರು, ಬಟ್ಟೆಯ ದುಡ್ಡು ಯಾರು ಕೊಟ್ಟರು ಅನ್ನುವ ಪ್ರಶ್ನೆಗಳಲ್ಲಿ ಇದು ತಿಳಿಯುತ್ತದೆ.

ಕಷ್ಟದ ಮಾತಿಗೆ ಹೇಗೆ ಬರಬೇಕು

"ನಿಮಗೆ ಅವಮಾನ ಆಗಿದೆಯಾ?" ಅಂತ ನೇರವಾಗಿ ಕೇಳಿದರೆ "ಅಂಥದ್ದೇನಿಲ್ಲ, ಎಲ್ಲ ಚೆನ್ನಾಗಿ ನೋಡ್ಕೊಳ್ತಾರೆ" ಅಂದು ಮುಗಿಸಿಬಿಡುತ್ತಾರೆ. ನಾಳೆ ಅದೇ ತೋಟಕ್ಕೆ ಕೆಲಸಕ್ಕೆ ಹೋಗಬೇಕು, ಅದೇ ಅಧಿಕಾರಿಯ ಹತ್ತಿರ ಕಾರ್ಯಕ್ರಮ ಕೇಳಬೇಕು. ಅದಕ್ಕೇ ಜಾಗ, ಹೊತ್ತು, ಮನುಷ್ಯರ ಬಗ್ಗೆ ಕೇಳಿ. ಬೆಂಗಳೂರಿಗೆ ಹೋದಾಗ ಎಲ್ಲಿ ಉಳಿದಿರಿ? ರೂಮು ಸಿಕ್ಕಿತಾ? ನಿಮ್ಮ ಹೆಸರನ್ನು ಮೈಕಿನಲ್ಲಿ ಹೇಳಿದರಾ, ಅಥವಾ "ಈಗ ಸಿದ್ದಿ ನೃತ್ಯ" ಅಂತ ಮಾತ್ರವಾ? ಮಗಳು ಶಾಲೆಯಲ್ಲಿ ಹಾಡ್ತಾಳಾ? ಕೂದಲಿನ ಬಗ್ಗೆ ಮಕ್ಕಳು ಏನಂತಾರೆ?

ಬೆಂಗಳೂರಿನಲ್ಲಿ ಹಾಡುವ, ನುಡಿಸುವ ಹುಡುಗರು ಸಾಮಾನ್ಯವಾಗಿ ಒಂದು ಕತೆ ಹೇಳುತ್ತಾರೆ. ಆಟೋದವರು ಇಂಗ್ಲಿಷಿನಲ್ಲಿ ಡಬಲ್ ಬಾಡಿಗೆ ಕೇಳಿದರು, ಇವರು ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟರು, ಆಟೋದವರು ಬೆರಗಾದರು. ನಗುತ್ತಾ ಹೇಳುವ ಕತೆ ಅದು, ಕೇಳುವವರೂ ನಗುತ್ತಾರೆ. ನೀವು ಅಲ್ಲಿಗೇ ನಿಲ್ಲಿಸಬೇಡಿ. "ಆಮೇಲೆ?" ಅಂತ ಕೇಳಿ. ಒಬ್ಬ ಗಾಯಕ ಆಮೇಲೆ ಬಾಡಿಗೆ ಮನೆಯ ಕತೆ ಹೇಳಿದ. ಫೋನಿನಲ್ಲಿ ಕನ್ನಡ ಕೇಳಿ ಬನ್ನಿ ಅಂದವರು, ಗೇಟಿನ ಹತ್ತಿರ ಮುಖ ನೋಡಿ ಪಾಸ್‌ಪೋರ್ಟ್ ಕೇಳಿದರು. ಆಧಾರ್ ತೋರಿಸಿದ. ಮನೆ ಈಗಷ್ಟೇ ಬೇರೆಯವರಿಗೆ ಹೋಯಿತು ಅಂದರು. ಇದನ್ನು ಹೇಳುವಾಗ ಅವನು ನಗಲಿಲ್ಲ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಹತ್ತಿರ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಜನ ಬಿದ್ದು ಹೊಡೆದ ಸುದ್ದಿ ಬಂದಾಗ ಊರಿಂದ ಅಮ್ಮ ದಿನಾ ಫೋನ್ ಮಾಡಿ, ಸಂಜೆ ಹೊರಗೆ ಹೋಗಬೇಡ ಅನ್ನುತ್ತಿದ್ದರಂತೆ. ಸಂಜೆಯೇ ಅವನ ಕಾರ್ಯಕ್ರಮಗಳು ಇರುತ್ತಿದ್ದದ್ದು.

ಮಾತು ನಿಂತರೆ ನಿಲ್ಲಲಿ. ಮುಂದಿನ ಪ್ರಶ್ನೆಗೆ ಹಾರಬೇಡಿ, "ಅಯ್ಯೋ ಪಾಪ" ಅನ್ನಬೇಡಿ. ಕಣ್ಣು ತುಂಬಿಕೊಂಡರೆ ಕ್ಯಾಮೆರಾ ಹತ್ತಿರ ತೆಗೆದುಕೊಂಡು ಹೋಗಲೇಬೇಡಿ. ಆಫ್ ಮಾಡಿ ಅಂದರೆ ಅವರಿಗೆ ಕಾಣುವ ಹಾಗೆ ಆಫ್ ಮಾಡಿ.

ಆಫ್ರಿಕಾದ ಪ್ರಶ್ನೆಯನ್ನು ಅವರಾಗಿ ಎತ್ತುವವರೆಗೆ ಎತ್ತಬೇಡಿ. "ನಿಮ್ಮ ರಕ್ತದಲ್ಲೇ ತಾಳ ಇದೆ" ಅಂತ ಹೊಗಳುವುದೂ ಬೇಡ. ಚಿಕ್ಕಂದಿನಿಂದ ಮಾವನ ಪಕ್ಕ ಕೂತು, ಪೆಟ್ಟು ತಪ್ಪಿದಾಗ ಬೈಸಿಕೊಂಡು ಕಲಿತ ವಿದ್ಯೆ ಅದು. ರಕ್ತಕ್ಕೆ ಹಚ್ಚಿದರೆ ಆ ಕಲಿಕೆಯೇ ಇಲ್ಲದ ಹಾಗಾಗುತ್ತದೆ.

ರೆಕಾರ್ಡಿಂಗ್

ಜಾಸ್ತಿ ಹೇಳುವುದಿಲ್ಲ. ಮಾತಿಗೆ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಸಾಕು. ಡಮಾಮಿ ಶುರುವಾಗುವ ಮುಂಚೆ ಅದನ್ನು ತೆಗೆದುಬಿಡಿ, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ. ವಾದ್ಯಕ್ಕೆ ಫೋನನ್ನು ಅಂಗಳದ ಆಚೆ ತುದಿಯಲ್ಲಿ ಇಟ್ಟು ಬೇರೆಯಾಗಿ ರೆಕಾರ್ಡ್ ಮಾಡಿ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಪವರ್ ಬ್ಯಾಂಕ್ ಇರಲಿ. ಕಾಡಿನ ನಡುವಿನ ಮನೆಗಳಲ್ಲಿ ಕರೆಂಟು ನಂಬಿಕೊಂಡು ಹೋಗುವ ಹಾಗಿಲ್ಲ.

ಬಂದ ಮೇಲಿನ ಕೆಲಸ

ಬರೆದಿದ್ದನ್ನು ಅವರಿಗೆ ಓದಿ ಹೇಳಿ. ಓದಲು ಬರುವ ಮಗನೋ ಮಗಳೋ ಇದ್ದರೆ ವಾಟ್ಸಾಪಿನಲ್ಲಿ ಕಳಿಸಿ ಓದಿಸಿ. ಅವಮಾನ ಮಾಡಿದವರ ಹೆಸರು ಹೇಳಿದ್ದರೆ ಅದನ್ನು ಹಾಕಬೇಕಾ ಬೇಡವಾ ಅಂತ ಮತ್ತೊಮ್ಮೆ ಕೇಳಿ, ತಣ್ಣಗೆ ಯೋಚಿಸಲು ಸಮಯ ಕೊಡಿ. ನಾಲ್ಕು ಜನರ ಎದುರು ಜಾತಿ ಹಿಡಿದು ಬೈದಿದ್ದರೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ದೂರು ಕೊಡಬಹುದು ಅನ್ನುವುದನ್ನು ತಿಳಿಸಿ. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ನಿಮ್ಮ ಲೇಖನ ಜೋರಾಗಲಿ ಅಂತ ಅವರನ್ನು ಠಾಣೆಗೆ ಅಟ್ಟಬೇಡಿ.

ಫೋಟೋದ ಕೆಳಗೆ ಪ್ರತಿಯೊಬ್ಬರ ಹೆಸರು, ಊರು, ನುಡಿಸುವ ವಾದ್ಯ ಬರೆಯಿರಿ. "ಸಿದ್ದಿ ಮಹಿಳೆ" ಅಂತ ಬರೆದು ಮುಗಿಸಬೇಡಿ. "ಕಾಡಿನ ಮಕ್ಕಳು", "ಕಪ್ಪು ವಜ್ರ" ಅನ್ನುವಂಥ ತಲೆಬರಹವನ್ನು ಕಚೇರಿಯಲ್ಲಿ ಯಾರಾದರೂ ಹಾಕಿದರೆ ಜಗಳ ಮಾಡಿಯಾದರೂ ತೆಗೆಸಿ. ಹಾಡನ್ನು ಬೇರೆಯವರು ಬಳಸಲು ಕೇಳಿದರೆ ಹಾಡಿದವರನ್ನೇ ಕೇಳಿ ಅಂತ ಅವರ ಕಡೆಗೇ ಕಳಿಸಿ.

ರೆಕಾರ್ಡಿಂಗಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಮನೆಗೆ ಮುಟ್ಟಿಸಿ. ಹೋದಾಗ ಅವರ ಹಳೆಯ ಆಮಂತ್ರಣ ಪತ್ರಿಕೆ, ಪ್ರಮಾಣಪತ್ರ, ಪೇಪರಿನ ತುಂಡುಗಳನ್ನೂ ಕೇಳಿ ನೋಡಿ. 58 ತುಂಬಿದ ಕಲಾವಿದರು ಸರಕಾರದ ಮಾಸಾಶನಕ್ಕೆ ಅರ್ಜಿ ಹಾಕುವಾಗ ಇವನ್ನೆಲ್ಲ ದಾಖಲೆಯಾಗಿ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಇವು ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಮಳೆಗೆ ನೆಂದು ಹಾಳಾಗುತ್ತಿವೆ. ಒಂದೊಂದನ್ನೂ ಬೆಳಕಿನಲ್ಲಿಟ್ಟು ಫೋಟೋ ತೆಗೆದು, ಇಸವಿ ಹಾಕಿ, ಅದೇ ಪೆನ್‌ಡ್ರೈವಿಗೆ ಸೇರಿಸಿ. ಹೆಂಗಸರದ್ದನ್ನು ಬೇರೆಯಾಗಿ ಹುಡುಕಿಸಿ. ಪತ್ರವೆಲ್ಲ ತಂಡದ ನಾಯಕನ ಹೆಸರಿಗೇ ಬಂದಿರುತ್ತದೆ, ಹಾಡಿದ ಅಕ್ಕನ ಹೆಸರು ಯಾವುದೋ ಒಂದು ಹಳೆಯ ಪೇಪರಿನ ಸುದ್ದಿಯಲ್ಲಿ ಮಾತ್ರ ಇರುತ್ತದೆ.