ಕೆರೆಯ ಹೂಳು ಅಳೆಯಲು ಹೋದಾಗ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಅದಕ್ಕೇ ಅಲ್ಲಿ ಹೆಜ್ಜೆ ಹೆಜ್ಜೆಗೂ ಕೆರೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಅಂಥದೊಂದು ಕೆರೆಯಲ್ಲಿ ವರ್ಷಕ್ಕೆ ಎಷ್ಟು ಹೂಳು ತುಂಬುತ್ತದೆ ಅಂತ ತಿಳಿಯಬೇಕಿತ್ತು. ನಾನು ಭೂವಿಜ್ಞಾನ ಪಾಠ ಮಾಡುವವನು.

ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಗುಂಡಿ ತೋಡಿಸಿದೆ. ಮೇಲೆ ಕಪ್ಪು ಜೇಡಿ. ಒದ್ದೆ ಮಾಡಿ ಬೆರಳುಗಳ ನಡುವೆ ಒತ್ತಿದರೆ ಪಟ್ಟಿಯ ಹಾಗೆ ಉದ್ದಕ್ಕೆ ಬರುತ್ತಿತ್ತು, ತುಂಡಾಗುತ್ತಿರಲಿಲ್ಲ. ಅಲ್ಲಲ್ಲಿ ಬಸವನಹುಳುವಿನ ಬಿಳಿ ಚಿಪ್ಪು. ಒಂದೂವರೆ ಮೀಟರ್ ಇಳಿದ ಮೇಲೆ ಕೆಂಪು ಗರಸು ಸಿಕ್ಕಿತು. ಅದು ಕೆರೆ ಕಟ್ಟುವುದಕ್ಕೂ ಮುಂಚಿನ ನೆಲ.

ಇತಿಹಾಸ ಕಲಿಸುವ ಗೆಳೆಯರು ಏರಿ ಮೇಲಿನ ಶಾಸನದ ಕಲ್ಲನ್ನು ತೊಳೆದು ಓದಿದರು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಕೋಲಾರ ಸಂಪುಟ, 1905ರದ್ದು, ಅವರ ಕೈಯಲ್ಲೇ ಇತ್ತು. ಕೆರೆಗೆ ಸುಮಾರು 600 ವರ್ಷ ಅಂದರು. ಭಾಗಿಸಿದೆ: ವರ್ಷಕ್ಕೆ ಎರಡೂವರೆ ಮಿಲಿಮೀಟರ್. ಲೆಕ್ಕ ಮುಗಿಯಿತು ಅಂದುಕೊಂಡೆ.

ಏರಿ ಮೇಲೆ ಕೂತಿದ್ದ ಹಳೇ ನೀರಗಂಟಿ ತಾತ, ಹಿಂದೆ ಕೆರೆ ನೀರು ಬಿಡುವ ಕೆಲಸ ಮಾಡುತ್ತಿದ್ದವರು, ಕೇಳಿಸಿಕೊಂಡು, "ಹೂಳೆಲ್ಲ ನಮ್ಮ ಹೊಲದಲ್ಲೈತೆ ಸಾಮಿ, ಇಲ್ಲೆಲ್ಲಿ ಅಳೀತೀರಾ?" ಅಂದರು. ಪ್ರತಿ ಬೇಸಿಗೆ ಊರವರು ಗಾಡಿ ಕಟ್ಟಿ ಗೋಡುಮಣ್ಣನ್ನು, ಅಂದರೆ ಈ ಹೂಳನ್ನೇ, ಗೊಬ್ಬರವಾಗಿ ಹೊಲಕ್ಕೆ ಹೊಡೆಯುತ್ತಿದ್ದರಂತೆ. ನಾನು ಅಳೆದಿದ್ದು ತುಂಬಿದ ಹೂಳನ್ನಲ್ಲ, ತೆಗೆದು ಉಳಿದ ಹೂಳನ್ನು!

ಆಗ ಗೆಳೆಯರು ಮತ್ತೆ ಶಾಸನಗಳತ್ತ ತಿರುಗಿದರು. ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಬಿತ್ತುವಟ್ಟ. ಕೆರೆ ಕೆಲಸಕ್ಕೆ ಬಂಡಿ ಇಡಲು ಭೂಮಿ ಬಿಟ್ಟದ್ದೂ ಶಾಸನಗಳಲ್ಲಿ ಬರುತ್ತದೆ. ಅವರು ಇವನ್ನು ಎಷ್ಟೋ ಸಲ ಓದಿದ್ದರು, ದಾನದ ವಿಷಯ ಅಂತಲೇ. ಅದು ನನ್ನ ಗುಂಡಿಯ ಮಣ್ಣಿನ ವಿಷಯವೂ ಹೌದು ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

ಗೋಡು ಹೊಡೆಯುವುದು ನಿಂತದ್ದು ಯಾವಾಗ? ಇದಕ್ಕೆ ದಾರಿ ತೋರಿಸಿದವರು ಸಸ್ಯಶಾಸ್ತ್ರದ ಮೇಡಂ. ಕೆರೆಯಂಗಳದ ಕರಿಜಾಲಿ ಮರಗಳೆಲ್ಲ ಹೆಚ್ಚುಕಮ್ಮಿ ಒಂದೇ ದಪ್ಪ, ಸಾಲು ಬೇರೆ ನೇರ. ತಾನಾಗಿ ಹುಟ್ಟಿದ್ದಲ್ಲ, ಒಂದೇ ಸಲ ನೆಟ್ಟಿದ್ದು. ಹೌದು, ನೆಟ್ಟ ಮೇಲೆ ಗಾಡಿ ಇಳಿಯಲಿಲ್ಲ ಅಂದರು ತಾತ. ಅಷ್ಟರಲ್ಲಿ ಚೀಲದ ಗೊಬ್ಬರವೂ ಬಂದಿತ್ತು.

ಮೊದಲು ನಾವು ಬೇರೆ ಬೇರೆ ದಿನ ಹೋಗುತ್ತಿದ್ದೆವು. ಈಗ ಎಲ್ಲರೂ ಒಂದೇ ದಿನ ಹೋಗುತ್ತೇವೆ, ತಾತನೂ ಜೊತೆಗಿರುತ್ತಾರೆ. ಮುಂದಿನ ಗುಂಡಿ ಎಲ್ಲಿ ಅಂತ ನಾನೊಬ್ಬನೇ ತೀರ್ಮಾನ ಮಾಡುವುದಿಲ್ಲ.

ಕಳೆದ ಸಲ ತಾತ ತೂಬಿನ ಮುಂದಿನ ಜಾಗ ತೋರಿಸಿದರು. ಅಲ್ಲಿ ಬೇಸಿಗೆಯಲ್ಲೂ ಕೆಸರು, ಗಾಡಿ ಹೂತುಹೋಗುತ್ತದೆ ಅಂತ ಯಾರೂ ಮಣ್ಣು ತೆಗೆದಿಲ್ಲ. ಮೇಡಂ ಮುಖ ಅರಳಿತು. ಗಾಳಿಯಾಡದ ಒದ್ದೆ ಮಣ್ಣಲ್ಲಿ ಪರಾಗ ಕೊಳೆಯದೆ ಉಳಿಯುತ್ತದೆ ಅಲ್ವಾ, ಆಗ ಯಾವ ಗಿಡಮರ ಇದ್ದವು ಅಂತ ಅದರಿಂದ ತಿಳಿಯಬಹುದು. ಅವರಿಗೆ ಬೇಕಿದ್ದುದೂ ಅಂಥ ಜಾಗವೇ. ಗುಂಡಿ ತೋಡಲು ಆಗಲಿಲ್ಲ, ಕೈಬೈರಿಗೆ ಇಳಿಸಿದೆವು. ಎರಡು ಮೀಟರ್ ಹೋದರೂ ಗರಸು ಸಿಗಲಿಲ್ಲ. ಬೈರಿಗೆಗೆ ಇನ್ನೊಂದು ಕೊಳವೆ ಜೋಡಿಸಿಕೊಂಡು ಶಿವರಾತ್ರಿ ಕಳೆದ ಮೇಲೆ ಮತ್ತೆ ಹೋಗುತ್ತಿದ್ದೇವೆ.