ಗೋಡೆ ಇಲ್ಲದ ಹಾಲ್‌ನಲ್ಲಿ ಕಣ್ಣು ನಿಲ್ಲಲು ಒಂದು ಜಾಗ

ಅಕ್ಕ ಕಾರವಾರದಲ್ಲಿ ಮನೆ ಕಟ್ಟಿಸಿದಾಗ ಹಾಲ್‌ಗೂ ಊಟದ ಜಾಗಕ್ಕೂ ನಡುವೆ ಗೋಡೆಯೇ ಬೇಡ ಅಂತ ಹಠ ಹಿಡಿದಳು. 26 ಅಡಿ ಉದ್ದ, 14 ಅಡಿ ಅಗಲ. ಗಾಳಿ ಚೆನ್ನಾಗಿ ಆಡುತ್ತದೆ, ಅಡುಗೆ ಮಾಡುತ್ತಲೇ ಹಾಲ್‌ನಲ್ಲಿ ಕೂತವರ ಹತ್ತಿರ ಮಾತಾಡಬಹುದು, ಹಬ್ಬದ ದಿನ ಇಪ್ಪತ್ತು ಎಲೆ ಹಾಕಬಹುದು. ಎಲ್ಲ ಸರಿ. ಗೃಹಪ್ರವೇಶ ಮುಗಿದು ಹದಿನೈದು ದಿನಕ್ಕೆ ಶಿರಸಿಯಿಂದ ಚಿಕ್ಕಮ್ಮ ಬಂದರು. ಚಪ್ಪಲಿ ಬಿಟ್ಟು ಒಳಗೆ ಎರಡು ಹೆಜ್ಜೆ ಇಟ್ಟವರು ಕೈಚೀಲ ಹಿಡಿದುಕೊಂಡೇ ನಿಂತುಬಿಟ್ಟರು. ಆ ಕಡೆ ನೋಡಿದರು, ಈ ಕಡೆ ನೋಡಿದರು, ಆಮೇಲೆ ಕೇಳಿದರು: "ಎಲ್ಲಿ ಕೂರಬೇಕೇ ತಂಗಿ?"

ಸೋಫಾ ಎದುರಿಗೇ ಇತ್ತು. ಆದರೆ ಒಂದು ಕಡೆ ದೊಡ್ಡ ಟಿವಿ, ಅದರ ಪಕ್ಕ ಗಾಜಿನ ಶೋಕೇಸ್, ಆಚೆ ಫ್ರಿಡ್ಜ್, ಮೇಲೆ ಹೊಳೆಯುವ ಶಾಂಡಲಿಯರ್, ಪಶ್ಚಿಮದ ಗೋಡೆಗೆ ಹೂಬಳ್ಳಿಯ ವಾಲ್‌ಪೇಪರ್. ಐದೂ ಒಟ್ಟಿಗೆ ಕರೆಯುತ್ತಿದ್ದವು. ಬಂದವರ ಕಣ್ಣು ಎಲ್ಲೂ ನಿಲ್ಲದೆ ಅಲೆಯುತ್ತಿತ್ತು.

ಹಳೆಯ ಮನೆಗಳಲ್ಲಿ ಈ ತೊಂದರೆ ಇರಲೇ ಇಲ್ಲ. ಜಗುಲಿ ಹತ್ತಿದರೆ ತೂಗುಮಣೆ ಕಾಣಿಸುತ್ತಿತ್ತು. ನಡುಮನೆಗೆ ಬಂದರೆ ಅರೆಗತ್ತಲು, ಕೊನೆಗೆ ದೇವರ ಮುಂದಿನ ದೀಪ. ಶಿರಸಿಯ ಮಾರಿಕಾಂಬೆಯ ಗುಡಿಗೆ ಹೋದವರು ನೆನಪು ಮಾಡಿಕೊಳ್ಳಿ: ಒಳಗೆ ಗೋಡೆಯ ಮೇಲೆ ಕಾವಿ ಚಿತ್ರಗಳಿವೆ, ಸುತ್ತ ಜನರ ಗದ್ದಲ ಇರುತ್ತದೆ, ಆದರೂ ನಿಮ್ಮ ಕಣ್ಣು ನೇರ ಏಳು ಅಡಿ ಎತ್ತರದ ದೇವಿಯ ಮುಖಕ್ಕೇ ಹೋಗುತ್ತದೆ. ಹಾಗೆ ಕಣ್ಣು ತಾನಾಗಿ ಹೋಗಿ ನಿಲ್ಲುವ ಜಾಗಕ್ಕೆ ಮನೆ ವಿನ್ಯಾಸ ಮಾಡುವವರು ಫೋಕಲ್ ಪಾಯಿಂಟ್ ಅನ್ನುತ್ತಾರೆ. ಗೋಡೆಗಳಿದ್ದಾಗ ಆ ಕೆಲಸ ಅರ್ಧ ಗೋಡೆಗಳೇ ಮಾಡುತ್ತವೆ. ಗೋಡೆ ತೆಗೆದ ಮೇಲೆ ನಾವೇ ಮಾಡಬೇಕು. ಅಕ್ಕನ ಮನೆಯಲ್ಲಿ ನಾವು ಮಾಡಿದ್ದನ್ನು, ತಪ್ಪು ಮಾಡಿ ತಿದ್ದಿಕೊಂಡದ್ದನ್ನು ಸೇರಿಸಿ, ಕ್ರಮವಾಗಿ ಹೇಳುತ್ತೇನೆ.

ಮೊದಲು ಏನೂ ಕೊಳ್ಳಬೇಡಿ, ಮೂರು ಕಡೆ ನಿಂತು ನೋಡಿ

ಬಾಗಿಲಲ್ಲಿ ನಿಂತು ಒಂದು ಫೋಟೊ ತೆಗೆಯಿರಿ. ನೀವು ಯಾವಾಗಲೂ ಕೂರುವ ಸೋಫಾದ ಜಾಗದಿಂದ ಒಂದು, ಊಟದ ಮೇಜಿನ ಕುರ್ಚಿಯಿಂದ ಇನ್ನೊಂದು. ಬೆಳಿಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿದ ಮೇಲೆ ಇನ್ನೊಮ್ಮೆ. ಆಮೇಲೆ ಮೊಬೈಲಿನಲ್ಲೇ ಅವನ್ನು ಕಪ್ಪು ಬಿಳುಪು ಮಾಡಿ ನೋಡಿ. ಬಣ್ಣ ಹೋದಾಗ ಯಾವುದು ಎದ್ದು ಕಾಣುತ್ತದೋ ಅದೇ ಈಗ ನಿಮ್ಮ ಮನೆಯಲ್ಲಿ ಕಣ್ಣನ್ನು ಎಳೆಯುತ್ತಿರುವ ವಸ್ತು. ಅಕ್ಕನ ಮನೆಯ ಫೋಟೊದಲ್ಲಿ ಅದು ಫ್ರಿಡ್ಜ್ ಆಗಿತ್ತು! ಬಿಳಿ ಫ್ರಿಡ್ಜ್, ಹಿಂದೆ ಕಡು ಬಣ್ಣದ ಗೋಡೆ, ಮೇಲೆ ಟ್ಯೂಬ್‌ಲೈಟ್. ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ.

ಆಮೇಲೆ ಒಂದನ್ನು ಆರಿಸಿ

ಒಂದೇ ಒಂದು. ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಯಾಕೆಂದರೆ ಮನೆಯಲ್ಲಿ ನಾಲ್ಕು ಜನರಿಗೆ ನಾಲ್ಕು ಇಷ್ಟ. ಮನೆಯಲ್ಲಿ ಈಗಾಗಲೇ ಇರುವುದನ್ನೇ ಮೊದಲು ನೋಡಿ. ದೊಡ್ಡ ಕಿಟಕಿ ಇದೆಯಾ? ಅಡ್ಡಿ ಇಲ್ಲದ ಉದ್ದ ಗೋಡೆ? ನಡುವೆ ಒಂದು ಕಂಬ? ಹಿರಿಯರ ಮನೆಯಿಂದ ಬಂದ ಏನಾದರೂ?

ಕಾರವಾರದಲ್ಲಿ ಸಹ್ಯಾದ್ರಿಯ ಗುಡ್ಡ ಕಡಲ ಹತ್ತಿರಕ್ಕೇ ಇಳಿದು ಬಂದಿದೆ. ಹಾಗಾಗಿ ಎಷ್ಟೋ ಮನೆಗಳಿಗೆ ಒಂದು ಕಿಟಕಿಯಲ್ಲಿ ನೀರು, ಇನ್ನೊಂದರಲ್ಲಿ ಗುಡ್ಡ. ಕಾಳಿ ನದಿ ಕಾಣುವ ಕಿಟಕಿ ಇದ್ದವರು ಬೇರೆ ಏನನ್ನೂ ಹುಡುಕಬೇಕಾಗಿಲ್ಲ ಅಂತ ಅನಿಸುತ್ತದೆ ಅಲ್ವಾ? ಹಗಲಿಗೆ ನಿಜ. ಆದರೆ ರಾತ್ರಿ ಏಳು ಗಂಟೆಗೆ ಅದೇ ಕಿಟಕಿ ಕಪ್ಪು ಗಾಜಾಗುತ್ತದೆ, ಅದರಲ್ಲಿ ನಿಮ್ಮದೇ ಲೈಟು, ನಿಮ್ಮದೇ ಮುಖ ಕಾಣುತ್ತದೆ. ನಮ್ಮ ಕಡೆ ಕಡಲು ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನ ಮೂರರಿಂದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ ಕೂಡ. ಕಿಟಕಿಯನ್ನೇ ಆರಿಸುವುದಾದರೆ ಒಳಗೆ ತೆಳು ಪರದೆ ಹಾಕಿ, ಎತ್ತರದ ಬೆನ್ನಿನ ಸೋಫಾವನ್ನು ಅದಕ್ಕೆ ಅಡ್ಡ ಇಡಬೇಡಿ, ರಾತ್ರಿಗೆ ಕಿಟಕಿಯ ಪಕ್ಕ ಒಂದು ನಿಲುವು ದೀಪ ಇರಲಿ.

ಟಿವಿ? ಬೇಡ ಅಂತಲೇ ನನ್ನ ಸಲಹೆ. ಆಫ್ ಮಾಡಿದಾಗ ಅದೊಂದು ಕಪ್ಪು ಚೌಕ, ಹಾಕಿದಾಗ ಊಟಕ್ಕೆ ಕೂತವರೂ ಅದನ್ನೇ ನೋಡುತ್ತಾರೆ. ಪಕ್ಕದ ಗೋಡೆಗೆ ಹಾಕಿ, ಹಿಂದಿನ ಗೋಡೆಗೆ ಸ್ವಲ್ಪ ಗಾಢ ಬಣ್ಣ ಕೊಟ್ಟರೆ ಆಫ್ ಮಾಡಿದಾಗ ಅದು ಗೋಡೆಯಲ್ಲಿ ಅಡಗುತ್ತದೆ. ಕಿಟಕಿಗೆ ಎದುರಾಗಿ ಮಾತ್ರ ಹಾಕಬೇಡಿ, ಟಿವಿಯ ಪರದೆ ತುಂಬ ಕಿಟಕಿಯೇ ಕಾಣುತ್ತದೆ.

ಅಕ್ಕನ ಮನೆಯಲ್ಲಿ ಕೊನೆಗೆ ಗೆದ್ದದ್ದು ಕುಮಟಾದ ಅಜ್ಜನ ಮನೆಯ ತೂಗುಮಣೆ. ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದ್ದರು. ಹಲಸಿನ ಮರದ ಒಂದೇ ಹಲಗೆ, ನಾಲ್ಕೂವರೆ ಅಡಿ. ಹೊಸದಿದ್ದಾಗ ಹಳದಿ ಇದ್ದದ್ದು ಈಗ ಜೇನುತುಪ್ಪದ ಬಣ್ಣಕ್ಕೆ ತಿರುಗಿದೆ. ಒಂದು ಅಂಚು ಮಾತ್ರ ದುಂಡಗೆ ಸವೆದಿದೆ, ಅಜ್ಜ ಕವಳ ಹಾಕುತ್ತಾ ಕಾಲು ಇಳಿಬಿಟ್ಟು ಕೂರುತ್ತಿದ್ದ ಕಡೆ. ಹಿತ್ತಾಳೆಯ ಸರಪಳಿ ಹಸಿರು ಕಟ್ಟಿ ಕಪ್ಪಾಗಿತ್ತು. ಅಕ್ಕ ಹುಣಸೆಹಣ್ಣು, ಉಪ್ಪು ಹಾಕಿ ಒಂದೊಂದೇ ಕೊಂಡಿ ತಿಕ್ಕಿದಳು, ಮೂರು ಸಂಜೆ ಹಿಡಿಯಿತು. ಪ್ರತಿ ನಾಲ್ಕು ಕೊಂಡಿಗೆ ಒಂದು ಪುಟ್ಟ ಗಿಳಿ ಇದೆ ಅನ್ನುವುದು ನಮಗೆ ಆಗಲೇ ಗೊತ್ತಾದದ್ದು.

ತೂಗುಮಣೆ ಹಾಕುವವರಿಗೆ ಒಂದು ಮಾತು. ಮನೆ ಇನ್ನೂ ಕಟ್ಟುತ್ತಿದ್ದರೆ ಸ್ಲ್ಯಾಬ್ ಹಾಕುವಾಗಲೇ ಕಬ್ಬಿಣದ ಸರಳುಗಳಿಗೆ ಕಟ್ಟಿ ಹುಕ್ಕು ಇಡಿಸಿಬಿಡಿ. ಕಟ್ಟಿ ಮುಗಿದಿದ್ದರೆ ಇಂಜಿನಿಯರ್ ಒಬ್ಬರನ್ನು ಕರೆಸಿ ಕೇಳದೆ ತೂತು ಕೊರೆಸಬೇಡಿ. ಬೀಮ್ ಎಲ್ಲಿದೆ, ಎಷ್ಟು ಭಾರ ತಡೆಯುತ್ತದೆ ಅಂತ ಅವರೇ ಹೇಳಬೇಕು. ನಮ್ಮದರಲ್ಲಿ ಹುಕ್ಕು ಕೂರಿಸಿದ ಮೇಲೆ 50 ಕೆಜಿಯ ನಾಲ್ಕು ಅಕ್ಕಿ ಮೂಟೆ ಇಟ್ಟು ಎರಡು ದಿನ ಬಿಟ್ಟು ನೋಡಿದರು. ಹಲಗೆ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರ ಇರಲಿ, ತೂಗಲು ಹಿಂದೆ ಮುಂದೆ ಮೂರು ಮೂರು ಅಡಿ ಖಾಲಿ ಬಿಡಿ. ಕಡಲ ಗಾಳಿಗೆ ಕಬ್ಬಿಣದ ಹುಕ್ಕು ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 316 ದರ್ಜೆಯದು ಅಂತ ಕೇಳಿ ತನ್ನಿ, ಉಪ್ಪಿನ ಗಾಳಿಯನ್ನು 304 ದರ್ಜೆಗಿಂತ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ.

ಹಿಂದಿನ ಗೋಡೆ

ತೂಗುಮಣೆ ಇರಲಿ, ಚಿತ್ರ ಇರಲಿ, ಹಿಂದೆ ಅದನ್ನು ಎತ್ತಿ ತೋರಿಸುವ ಗೋಡೆ ಬೇಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. ಚಿರೆಕಲ್ಲು ಇದೆ. ತೆಳ್ಳಗೆ ಕೊಯ್ದ ಚಿರೆಕಲ್ಲಿನ ಬಿಲ್ಲೆ ಸಿಗುತ್ತದೆ, ಇರುವ ಗೋಡೆಗೇ ಅಂಟಿಸಬಹುದು. ಅದರ ತೂತು ತೂತಾದ ಮೈ, ಕೆಂಪು ಕಂದು ಬಣ್ಣ ಯಾವ ವಾಲ್‌ಪೇಪರಿಗೂ ಬರುವುದಿಲ್ಲ. ಆದರೆ ಕಲ್ಲು ನೀರು ಕುಡಿಯುತ್ತದೆ, ಪುಡಿ ಉದುರುತ್ತದೆ. ಹೊಳಪಿಲ್ಲದ, ಕಲ್ಲಿನೊಳಗೆ ಇಳಿಯುವ ಬಣ್ಣವಿಲ್ಲದ ಸೀಲರ್ ಹಚ್ಚಿಸಿ. ಫಳಫಳ ಹೊಳೆಯುವ ವಾರ್ನಿಶ್ ಹಚ್ಚಿದರೆ ಚಿರೆಕಲ್ಲು ಪ್ಲಾಸ್ಟಿಕ್‌ನಂತೆ ಕಾಣುತ್ತದೆ.

ಕಲ್ಲು ಬೇಡ ಅನ್ನುವವರು ಕಾವಿ ಕಲೆಯನ್ನು ಯೋಚಿಸಿ. ಸುಣ್ಣದ ಗಾರೆಯ ಮೇಲೆ ಹುರಮಂಜಿನ ಕೆಂಪು ಬಳಿದು, ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳುಪನ್ನು ಹೊರಗೆ ತರುವ ಕೆಲಸ ಅದು. ಕೊಂಕಣ ಕರಾವಳಿಯ ಗುಡಿಗಳಲ್ಲಿ ನೂರಾರು ವರ್ಷ ಉಳಿದಿದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ಇದೆ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಇವನ್ನು ಸ್ಟಿಕ್ಕರ್ ತಂದು ಅಂಟಿಸಬೇಡಿ, ದಯವಿಟ್ಟು. ಬರೆಯುವವರನ್ನೇ ಕರೆಸಿ, ಎರಡು ದಿನ ಊಟ ಹಾಕಿ, ಅವರು ಕೇಳಿದ ಸಂಬಳ ಕೊಟ್ಟು ಬರೆಸಿ.

ವಾಲ್‌ಪೇಪರ್ ವಿಷಯ ಹೇಳಿಯೇ ಬಿಡುತ್ತೇನೆ. ಅಂಗಡಿಯವರು ಏನೂ ಆಗುವುದಿಲ್ಲ ಅಂದಿದ್ದರು. ಜುಲೈ ಎರಡನೇ ವಾರ ಮೂಲೆಯಿಂದ ಬಿಟ್ಟುಕೊಳ್ಳಲು ಶುರುವಾಯಿತು, ಎಳೆದು ನೋಡಿದರೆ ಹಿಂದೆ ಕಪ್ಪು ಬೂಸ್ಟು. ಮಳೆಗಾಳಿ ಹೊಡೆಯುವುದು ಪಶ್ಚಿಮ, ನೈಋತ್ಯದ ಗೋಡೆಗೆ. ನಮ್ಮ ಕರಾವಳಿಯಲ್ಲಿ ಅಂಥ ಗೋಡೆಗೆ ಕಾಗದ, ಬಟ್ಟೆ, ಪ್ಲೈವುಡ್ ಯಾವುದೂ ಬೇಡ. ಮುಖ್ಯ ಗೋಡೆಯನ್ನು ಆದಷ್ಟು ಒಳಗಿನ ಗೋಡೆಗಳಲ್ಲೇ ಆರಿಸಿ. ಚಿತ್ರದ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಣೆಯಂತೆ ಕಾರ್ಕ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ, ಬೂಸ್ಟು ಹಿಡಿಯುವುದು ಕಡಿಮೆ.

ಅಳತೆ ಕಾಗದದಲ್ಲಿ ನೋಡಿಕೊಳ್ಳಿ

ಚಿತ್ರ ಹಾಕುವುದಾದರೆ ಅದೇ ಅಳತೆಗೆ ಹಳೆಯ ಪೇಪರ್ ಕತ್ತರಿಸಿ ಟೇಪಿನಿಂದ ಗೋಡೆಗೆ ಹಚ್ಚಿ ಎರಡು ದಿನ ಬಿಡಿ. ನಡುಭಾಗ ನೆಲದಿಂದ ಸುಮಾರು 57 ರಿಂದ 60 ಇಂಚು ಎತ್ತರಕ್ಕೆ ಬರಲಿ. ಸೋಫಾದ ಮೇಲೆ ಹಾಕುವುದಾದರೆ ಅಗಲ ಸೋಫಾದ ಮೂರರಲ್ಲಿ ಎರಡು ಪಾಲು, ಸೋಫಾದ ಬೆನ್ನಿಗೂ ಚಿತ್ರಕ್ಕೂ 6 ರಿಂದ 8 ಇಂಚು ಅಂತರ. ಹೆಚ್ಚಿನವರು ಮಾಡುವ ತಪ್ಪು ಎಂದರೆ ಚಿಕ್ಕ ಚಿತ್ರವನ್ನು ಮೇಲೆ ಮೇಲೆ ಹಾಕುವುದು, ಹಿರಿಯರ ಫೋಟೊ ಹಾಕುವ ಎತ್ತರಕ್ಕೆ.

ಸೋಫಾ ಗೋಡೆಗೆ ಒತ್ತಿ ಇಡಲೇಬೇಕು ಅಂತ ಏನಿಲ್ಲ. ಅದರ ಬೆನ್ನು ಊಟದ ಮೇಜಿನ ಕಡೆ ಬರುವಂತೆ ನಡುವೆ ಇಟ್ಟರೆ ಗೋಡೆ ಇಲ್ಲದೆಯೇ ಎರಡು ಕೋಣೆ ಆಗುತ್ತದೆ. ಓಡಾಡಲು ಮೂರು ಅಡಿ ದಾರಿ, ಕುರ್ಚಿ ಹಿಂದೆ ಎಳೆದು ಏಳಲು ಮೇಜಿನ ಅಂಚಿನಿಂದ ಮೂರು ಅಡಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ನಡೆದು ನೋಡಿ. ಸೊಂಟ ತಾಗಿದರೆ ಜಾಗ ಸಾಲದು.

ಊಟದ ಕಡೆಗೆ ಒಂದು ಚಿಕ್ಕದು

ಊಟದ ಜಾಗಕ್ಕೂ ಏನಾದರೂ ಬೇಕು, ಆದರೆ ಅದು ತಂಗಿಯ ಹಾಗೆ ಇರಬೇಕು, ಅಕ್ಕನ ಜೊತೆ ಪೈಪೋಟಿಗೆ ಇಳಿಯಬಾರದು. ಮೇಜಿನ ಮೇಲೆ ಇಳಿಬಿಟ್ಟ ಒಂದೇ ಒಂದು ದೀಪ ಸಾಕು. ಮೇಜಿನ ಮೇಲ್ಮೈಯಿಂದ ದೀಪದ ಕೆಳ ಅಂಚಿಗೆ 30 ರಿಂದ 36 ಇಂಚು. ಇನ್ನೂ ಮೇಲೆ ಹೋದರೆ ಬೆಳಕು ಚದುರುತ್ತದೆ, ಕೆಳಗೆ ಬಂದರೆ ಎದುರಿನವರ ಮುಖ ಕಾಣುವುದಿಲ್ಲ. ಫ್ಯಾನಿನ ಗಾಳಿಗೆ ಅಲ್ಲಾಡದಷ್ಟು ದೂರ ಇರಲಿ.

ಎರಡೂ ಕಡೆ ಒಂದೇ ಮನೆಯವು ಅನ್ನಿಸಲು ಮುಖ್ಯ ಗೋಡೆಯ ಒಂದು ಬಣ್ಣವನ್ನು ಈ ಕಡೆಗೆ ಸ್ವಲ್ಪ ತನ್ನಿ. ಅಕ್ಕ ಹಿತ್ತಾಳೆಯನ್ನು ತಂದಳು. ತೂಗುಮಣೆಯ ಸರಪಳಿ ಆ ಕಡೆ, ಮೇಜಿನ ಮೇಲೆ ಹಿತ್ತಾಳೆಯ ನೀರಿನ ತಂಬಿಗೆ ಈ ಕಡೆ. ಅಷ್ಟೇ. ಸಾಕಾಯಿತು.

ಬೆಳಕು

ಹಾಲ್ ಪೂರ್ತಿ ಬೆಳ್ಳಗೆ ಬೆಳಗುವ ಟ್ಯೂಬ್‌ಲೈಟ್ ಹಾಕಿದರೆ ಇಲ್ಲಿಯವರೆಗಿನ ಕೆಲಸ ಅರ್ಧ ನೀರುಪಾಲು. ಎಲ್ಲವೂ ಒಂದೇ ಬೆಳಕಿನಲ್ಲಿದ್ದರೆ ಕಣ್ಣಿಗೆ ಆರಿಸಿಕೊಳ್ಳಲು ಏನಿರುತ್ತದೆ? ಮುಖ್ಯ ಗೋಡೆಗೆ ಬೇರೆ ಸ್ವಿಚ್, ಊಟದ ದೀಪಕ್ಕೆ ಬೇರೆ ಸ್ವಿಚ್ ಮಾಡಿಸಿ. ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಕೆ (K, ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇರುವುದನ್ನು ತನ್ನಿ, ಎಣ್ಣೆ ದೀಪದ ಹತ್ತಿರದ ಹಳದಿ ಅದು. 6500 ಕೆಯ ಬೆಳ್ಳನೆ ಬೆಳಕಿದ್ದರೆ ಕಲ್ಲು, ಮರ ಎರಡೂ ಸತ್ತ ಹಾಗೆ ಕಾಣುತ್ತವೆ.

ಚಿರೆಕಲ್ಲಿನ ಗೋಡೆಗೆ ದೀಪವನ್ನು ಮೇಲಿನಿಂದ, ಗೋಡೆಗೆ 6 ರಿಂದ 12 ಇಂಚಿನಷ್ಟೇ ದೂರದಲ್ಲಿ ಕೂರಿಸಿ. ಬೆಳಕು ಕಲ್ಲಿನ ಮೈ ಸವರಿಕೊಂಡು ಇಳಿದಾಗ ಒಂದೊಂದು ತೂತಿಗೂ ಒಂದು ನೆರಳು ಬರುತ್ತದೆ, ಬೆಳಗಿನ ಗೋಡೆಯೇ ಇದು ಅಂತ ನಂಬಲಾಗುವುದಿಲ್ಲ. ನುಣುಪು ಗೋಡೆಗೆ ಹೀಗೆ ಮಾಡಬೇಡಿ, ಪುಟ್ಟಿಯ ಏರುತಗ್ಗೆಲ್ಲ ಎದ್ದು ಕಾಣುತ್ತದೆ. ಅಲ್ಲಿ ಎರಡು ಮೂರು ಅಡಿ ದೂರದಿಂದ ಬೆಳಕು ಬೀಳಲಿ.

ಉಳಿದದ್ದನ್ನು ಸುಮ್ಮನಾಗಿಸಿ

ಅಕ್ಕನಿಗೆ ಬೇಜಾರಾದದ್ದು ಇಲ್ಲೇ. ಶಾಂಡಲಿಯರ್ ಇಳಿಸಿ ಮಗಳ ಮನೆಗೆ ಕೊಟ್ಟಳು. ಶೋಕೇಸಿನ ಗೊಂಬೆಗಳಲ್ಲಿ ಐದನ್ನು ಇಟ್ಟುಕೊಂಡು ಉಳಿದದ್ದು ಪೆಟ್ಟಿಗೆಗೆ. ಫ್ರಿಡ್ಜ್ ಅಡುಗೆಮನೆಯ ಒಳಗೆ ಹೋಯಿತು, ಅದಕ್ಕಾಗಿ ಒಂದು ಪ್ಲಗ್ ಪಾಯಿಂಟ್ ಹೊಸದಾಗಿ ಮಾಡಿಸಬೇಕಾಯಿತು. ಪಶ್ಚಿಮದ ಗೋಡೆಯ ಬೂಸ್ಟು ಕೆರೆದು, ಪೂರ್ತಿ ಒಣಗಿಸಿ, ಉಳಿದ ಗೋಡೆಗಳ ತಿಳಿ ಬಣ್ಣವನ್ನೇ ಹಚ್ಚಿದೆವು. ಭಾವ ಟಿವಿ ಪಕ್ಕಕ್ಕೆ ಹೋದದ್ದಕ್ಕೆ ಒಂದು ವಾರ ಮುಖ ಊದಿಸಿಕೊಂಡಿದ್ದರು, ಈಗ ಸಂಜೆಯ ಚಹಾ ತೂಗುಮಣೆಯ ಮೇಲೆಯೇ.

ಮತ್ತೆ ಮೂರು ಕಡೆಯಿಂದ ಫೋಟೊ ತೆಗೆದು ಮೊದಲಿನವುಗಳ ಪಕ್ಕ ಇಟ್ಟು ನೋಡಿ. ಮೂರರಲ್ಲೂ ನೀವು ಆರಿಸಿದ್ದೇ ಮೊದಲು ಕಂಡರೆ ಕೆಲಸ ಆಯಿತು. ಬಾಗಿಲಿನಿಂದ ಮಾತ್ರ ಕಂಡು ಊಟದ ಮೇಜಿನಿಂದ ಕಾಣದಿದ್ದರೆ ಮೇಜನ್ನು ತಿರುಗಿಸಿ, ಗೋಡೆ ಒಡೆಯಬೇಡಿ.

ಕೊನೆಗೆ ಕಾರ್ಪೆಟ್. ಸೋಫಾದ ಮುಂಗಾಲುಗಳು ಅದರ ಮೇಲೆ ಬರುವಷ್ಟು ದೊಡ್ಡದಿರಬೇಕು, ನಡುವೆ ಚಾಪೆಯಷ್ಟೇ ಬಿದ್ದಿದ್ದರೆ ಅದು ಬೇರೆಯೇ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ತರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅದು ನೀರು ಹಿಡಿದು ಮುಗ್ಗುಲು ವಾಸನೆ ಬರುತ್ತದೆ. ನವರಾತ್ರಿ ಕಳೆಯಲಿ, ಬಿಸಿಲು ಬಿಡಲಿ, ಆಮೇಲೆ ತನ್ನಿ.