ಆಂಕಲ್ ಬ್ಲಾಕ್: ನಾನು ಟಿಬಿಯಲ್ ನರ ಹುಡುಕುವ ರೀತಿ

ಪಾದದ ಸರ್ಜರಿಗೆ ನನಗೆ ಆಂಕಲ್ ಬ್ಲಾಕ್, ಅಂದರೆ ಕಣಕಾಲಿನ ಹತ್ತಿರ ನರಗಳ ಸುತ್ತ ಮರಗಟ್ಟಿಸುವ ಔಷಧಿ ಹಾಕುವುದು, ತುಂಬಾ ಇಷ್ಟ. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾದವರಿಗೆ ಎಷ್ಟೋ ಸಲ ಹೃದಯ, ಕಿಡ್ನಿ ಕೂಡ ಸೋತಿರುತ್ತವೆ. ಅಂಥವರಿಗೆ ಪಾದವೊಂದನ್ನೇ ಮರಗಟ್ಟಿಸಿದರೆ ಸಾಕು ಅಲ್ವಾ?

ಪಾದಕ್ಕೆ ಹೋಗುವುದು ಒಟ್ಟು ಐದು ನರಗಳು. ನಾಲ್ಕು ತೊಡೆಯ ಹಿಂಬದಿಯಿಂದ ಇಳಿಯುವ ಸಯಾಟಿಕ್ ನರದಿಂದ ಬಂದವು, ಸಫೀನಸ್ ಮಾತ್ರ ತೊಡೆಯ ಮುಂಬದಿಯ ಫೀಮರಲ್ ನರದ್ದು. ನಾನು ಯಾವಾಗಲೂ ಟಿಬಿಯಲ್‌ನಿಂದಲೇ ಶುರು ಮಾಡುತ್ತೇನೆ. ಐದರಲ್ಲಿ ಅದೇ ದೊಡ್ಡದು, ಔಷಧಿ ಹಿಡಿಯಲು ಹೆಚ್ಚು ಹೊತ್ತು ಬೇಕು. ಅಂಗಾಲಿನ ಬಹುಭಾಗ ಅದರದ್ದೇ.

ಅಲ್ಟ್ರಾಸೌಂಡ್‌ನ ಲೀನಿಯರ್ (ನೇರ ಅಂಚಿನ) ಪ್ರೋಬನ್ನು ಕಣಕಾಲಿನ ಒಳಗಡೆ ಉಬ್ಬಿದ ಎಲುಬಿನ ಹಿಂದೆ ಅಡ್ಡಲಾಗಿ ಇಡುತ್ತೇನೆ. ಮೊದಲು ಮಿಡಿಯುವ ಅಪಧಮನಿ ಸಿಗುತ್ತದೆ. ನರ ಸಾಮಾನ್ಯವಾಗಿ ಅದರ ಹಿಂದೆಯೇ, ಜೇನುಗೂಡಿನ ಹಾಗೆ ಕಾಣುತ್ತದೆ. ಕಷ್ಟ ಇರುವುದು ಇಲ್ಲೇ. ಪಕ್ಕದ ಸ್ನಾಯುರಜ್ಜುಗಳೂ ಹೆಚ್ಚುಕಡಿಮೆ ಹಾಗೇ ಕಾಣುತ್ತವೆ. ಅನುಮಾನ ಬಂದರೆ ಸೂಜಿ ಮುಟ್ಟುವುದಿಲ್ಲ, ಪ್ರೋಬನ್ನು ನಿಧಾನವಾಗಿ ಮೇಲಕ್ಕೆ ಜಾರಿಸುತ್ತೇನೆ. ರಜ್ಜು ಆದರೆ ಮೇಲೆ ಹೋದಂತೆ ಮಾಂಸಖಂಡವಾಗುತ್ತದೆ. ನರ ನರವಾಗಿಯೇ ಉಳಿಯುತ್ತದೆ. ರೋಗಿಯ ಹೆಬ್ಬೆರಳನ್ನು ಅಲ್ಲಾಡಿಸಿದರೂ ಗೊತ್ತಾಗುತ್ತದೆ: ರಜ್ಜು ಜಾರುತ್ತದೆ, ನರ ಸುಮ್ನೆ ಇರುತ್ತದೆ.

ಸೂಜಿಯ ತುದಿ ಕಾಣದೆ ಒಂದು ಹನಿಯೂ ಬಿಡುವುದಿಲ್ಲ. ಸಿರಿಂಜಿನ ದಂಡ ಹಿಂದಕ್ಕೆ ಎಳೆದು ರಕ್ತ ಬರುತ್ತಿಲ್ಲ ಎಂದು ನೋಡಿ, ಸ್ವಲ್ಪ ಸ್ವಲ್ಪವಾಗಿ ಸುಮಾರು 5 ಎಂಎಲ್ ಹಾಕುತ್ತೇನೆ. ಪರದೆಯಲ್ಲಿ ನರದ ಸುತ್ತ ಕಪ್ಪು ಉಂಗುರ ಮೂಡಬೇಕು. ಒತ್ತಡ ಜಾಸ್ತಿ ಅನಿಸಿದರೆ, ಅಥವಾ ರೋಗಿ ಪಾದಕ್ಕೆ ಶಾಕ್ ಹೊಡೆದಂತಾಯಿತು ಅಂದರೆ, ತಕ್ಷಣ ನಿಲ್ಲಿಸಬೇಕು.

ಉಳಿದವಕ್ಕೆ 2-3 ಎಂಎಲ್ ಸಾಕು. ಡೀಪ್ ಪೆರೋನಿಯಲ್ ಮುಂದುಗಡೆಯ ಅಪಧಮನಿಯ ಪಕ್ಕದಲ್ಲಿರುತ್ತದೆ. ಸೂರಲ್ ಮತ್ತು ಸಫೀನಸ್ ನರಗಳು ಚಿಕ್ಕವು. ಅವುಗಳ ಜೊತೆ ಸಾಗುವ ಸಿರೆ ಹುಡುಕುವುದೇ ಸುಲಭ. ಮೀನಖಂಡಕ್ಕೆ ಪಟ್ಟಿ ಬಿಗಿದರೆ ಸಿರೆ ಉಬ್ಬುತ್ತದೆ, ಪ್ರೋಬ್ ಒತ್ತಿದರೆ ಮಾಯವಾಗುತ್ತದೆ. ಆದ್ದರಿಂದ ಕೈ ಹಗುರ ಇರಲಿ. ಸೂಪರ್‌ಫಿಶಿಯಲ್ ಪೆರೋನಿಯಲ್ ನರವನ್ನು ಕಾಲಿನ ಹೊರಬದಿಯಲ್ಲಿ, ಸ್ವಲ್ಪ ಮೇಲೆ ಹುಡುಕುತ್ತೇನೆ.

ಐದೂ ಸೇರಿದಾಗ ಔಷಧಿಯ ಲೆಕ್ಕ ಮರೆಯಬಾರದು. ಮರಗಟ್ಟಿಸುವ ಔಷಧಿ ಬುಪಿವಕೇನ್ ಕೆಜಿಗೆ ಹೆಚ್ಚೆಂದರೆ 2 ಎಂಜಿ ಎಂದಿಟ್ಟುಕೊಂಡರೆ, 50 ಕೆಜಿ ತೂಕದವರಿಗೆ 0.5% ದ್ರಾವಣ 20 ಎಂಎಲ್‌ಗೆ ಮುಗಿಯಿತು. ಔಷಧಿ ರಕ್ತಕ್ಕೆ ಸೇರಿ ವಿಷವಾದರೆ ಕೊಡುವ ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರಾವಣ) ಕೈಗೆ ಸಿಗುವಲ್ಲೇ ಇರಬೇಕು.

ಟೂರ್ನಿಕೆ (ರಕ್ತ ಹರಿಯದಂತೆ ಬಿಗಿಯುವ ಪಟ್ಟಿ) ಎಲ್ಲಿ ಕಟ್ಟುತ್ತೀರಿ ಎಂದು ಸರ್ಜನ್‌ರನ್ನು ಮೊದಲೇ ಕೇಳುತ್ತೇನೆ. ಮೀನಖಂಡದಲ್ಲೋ ತೊಡೆಯಲ್ಲೋ ಆದರೆ ಅಲ್ಲಿನ ನೋವನ್ನು ಈ ಬ್ಲಾಕ್ ತಡೆಯುವುದಿಲ್ಲ.